ದೇವಬಾಗ: ಮುಂದೆ ಕಡಲು, ಹಿಂದೆ ಕಾಳಿ

ಕಾರವಾರ ಪಟ್ಟಣವನ್ನು ಬಿಟ್ಟು ಉತ್ತರಕ್ಕೆ ಹೊರಟು, ಕಾಳಿ ನದಿಯ ಸೇತುವೆಯನ್ನು ದಾಟಿ, ಸದಾಶಿವಗಡದ ಗುಡ್ಡದ ಬಳಿ ಕಡಲ ಕಡೆಗೆ ತಿರುಗಿದವರಿಗೆ ದೇವಬಾಗವು ಸಿಕ್ಕುವದು. ಅದನ್ನು ಊರೆನ್ನುವದಕ್ಕಿಂತ ಮರಳಿನ ಒಂದು ನಾಲಗೆಯೆನ್ನುವದೇ ಸರಿ. ಪಡುವಲಿಗೆ ಅರಬೀ ಸಮುದ್ರ, ಮೂಡಲಿಗೆ ಹಿನ್ನೀರು, ತೆಂಕಣ ತುದಿಗೆ ಕಾಳಿಯ ಅಳಿವೆ; ನಡುವೆ ತೆಂಗು ಗಾಳಿಮರಗಳ ತೋಪು, ಮೀನುಗಾರರ ಮನೆಗಳು, ಈಚೆಗೆ ಎದ್ದ ಪ್ರವಾಸಿಗರ ಕುಟೀರಗಳು. ಅಳಿವೆಯ ಆಚೆ ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು ಕಾಣುವವು. 1883ರಲ್ಲಿ ಇಪ್ಪತ್ತೆರಡು ವರುಷದ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದು, ಬೆಳುದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಸಾಗಿದ ನೆನಪನ್ನು ‘ಜೀವನಸ್ಮೃತಿ’ಯಲ್ಲಿ ಬರೆದಿಟ್ಟಿರುವರು. ಅಂಥ ಇರುಳುಗಳು ಇಲ್ಲಿ ಈಗಲೂ ಉಂಟು. ಆದರೆ ನಾವು ಈ ಸಲ ವಾಚಕರ ಮುಂದೆ ಇಡುವದು ಬೆಳುದಿಂಗಳ ಮಾತನ್ನಲ್ಲ, ತುಫಾನಿನ ಮಾತನ್ನು.

ಅರಬೀ ಸಮುದ್ರವು ಬಂಗಾಲದ ಕೊಲ್ಲಿಯಷ್ಟು ಮುಂಗೋಪಿಯಲ್ಲವೆಂದು ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆಯಲ್ಲಿ ಬಹಳಷ್ಟು ಸತ್ಯವೂ ಇದ್ದಿತು. ಆದರೆ ತುಫಾನು ಹುಟ್ಟಿ ಬೆಳೆಯುವದಕ್ಕೆ ಕಡಲ ನೀರು ಇಪ್ಪತ್ತಾರು ಇಪ್ಪತ್ತೇಳು ಅಂಶ ಸೆಲ್ಸಿಯಸ್ಸಿಗಿಂತ ಹೆಚ್ಚು ಬೆಚ್ಚಗಿರಬೇಕು. ಈಚಿನ ದಶಕಗಳಲ್ಲಿ ನಮ್ಮ ಪಡುಗಡಲು ಕಾಯುತ್ತ ಬಂದಿದೆ, ತುಫಾನುಗಳೂ ಅದಕ್ಕೆ ತಕ್ಕಂತೆ ಹೆಚ್ಚಿವೆ. 2009ರ ನವೆಂಬರದಲ್ಲಿ ಫಯಾನ್, 2017ರ ಡಿಸೆಂಬರದಲ್ಲಿ ಓಖಿ, 2019ರ ಅಕ್ಟೋಬರದಲ್ಲಿ ಕ್ಯಾರ್, 2021ರ ಮೇ ತಿಂಗಳಲ್ಲಿ ತೌಕ್ತೆ ಎಂಬವು ಈ ದಾರಿಯಲ್ಲಿ ಹೋದವು. ಇವುಗಳಲ್ಲಿ ಒಂದೂ ಕಾರವಾರದಲ್ಲಿ ದಡವೇರಲಿಲ್ಲ. ಎಲ್ಲವೂ ದೂರದ ನೀರಿನಲ್ಲಿಯೇ ಹಾದುಹೋದವು. “ಹಾಗಾದರೆ ಅಂಜಿಕೆ ಏತರದು?” ಎಂದು ಒಳನಾಡಿನ ವಾಚಕರು ಕೇಳಬಹುದು. ನಾವು ಬರೆಯಹೊರಟದ್ದು ಈ ಪ್ರಶ್ನೆಗಾಗಿಯೇ.

ತೌಕ್ತೆಯ ಸಂಗತಿಯನ್ನೇ ತೆಗೆದುಕೊಳ್ಳೋಣ. 2021ರ ಮೇ 16ರ ಬೆಳಿಗ್ಗೆ ಅದರ ನಡುಭಾಗವು ಪಣಜಿಯಿಂದ ಸುಮಾರು 130 ಕಿಲೋಮೀಟರು ಆಚೆ ನಡುನೀರಿನಲ್ಲಿ ಇದ್ದಿತು. ಮರುದಿನ ಇರುಳು ಅದು ನೆಲವನ್ನು ಮುಟ್ಟಿದ್ದು ದೂರದ ಗುಜರಾಥದಲ್ಲಿ, ದೀವಿನ ಹತ್ತಿರ. ಆದರೂ ನಮ್ಮ ಕರಾವಳಿಯುದ್ದಕ್ಕೂ ಮನೆಗಳು ಬಿದ್ದವು, ದೋಣಿ ಬಲೆಗಳು ಹಾಳಾದವು, ಜೀವಹಾನಿಯೂ ಆಯಿತು. ತುಫಾನಿನ ಗಾಳಿಯು ನಮ್ಮ ಭೂಗೋಲಾರ್ಧದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವದು. ಆದುದರಿಂದ ಅದು ಕಾರವಾರದ ನೈಋತ್ಯದಲ್ಲಿ ಇರುವವರೆಗೆ ಇಲ್ಲಿ ಗಾಳಿಯು ಆಗ್ನೇಯದಿಂದ, ಎಂದರೆ ನೆಲದ ಕಡೆಯಿಂದ ಬೀಸುವದು. ಅದು ಪಡುವಲಲ್ಲಿ ಹಾದು ಗೋವೆಯ ಕಡೆಗೆ ಸರಿದ ಮೇಲೆ ಗಾಳಿಯು ಹೊರಳಿ ನೈಋತ್ಯದಿಂದ ಬೀಸತೊಡಗುವದು. ಆಗಲೇ ಕಡಲಿನ ನೀರು ನೇರವಾಗಿ ದೇವಬಾಗದ ಮೇಲೆ ದಬ್ಬಲ್ಪಡುವದು. ಅಂದರೆ ‘ತುಫಾನು ಉತ್ತರಕ್ಕೆ ಹೋಯಿತು’ ಎಂಬ ಸಮಾಧಾನದ ವಾರ್ತೆ ಬಂದ ಹೊತ್ತಿಗೇ ಇಲ್ಲಿ ಕೆಟ್ಟ ಗಳಿಗೆ ಮೊದಲಾಗುವದು. ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ಪಂಡಿತನು 1857ರಲ್ಲಿ ಹೇಳಿಕೊಟ್ಟ ಒಂದು ಸುಲಭದ ಗುರುತನ್ನು ಮನೆಯ ಮಕ್ಕಳಿಗೂ ಕಲಿಸಬಹುದು: ಗಾಳಿಗೆ ಬೆನ್ನು ಮಾಡಿ ನಿಂತರೆ ತುಫಾನಿನ ನಡುಭಾಗವು ಸುಮಾರಾಗಿ ಎಡಗೈಯ ಕಡೆಗೆ ಇರುವದು.

ತೆರೆಗಳಿಗೆ ಗಾಳಿಯೂ ಬೇಕಾಗಿಲ್ಲ. ನೂರಾರು ಮೈಲು ಆಚೆ ಎದ್ದ ಅಲೆಗಳು ಇಲ್ಲಿ ಎಲೆಯೂ ಅಲುಗದ ದಿನ ಬಂದು ದಂಡೆಯ ಮರಳನ್ನು ಕೊರೆಯಬಲ್ಲವು. ಕ್ಯಾರ್ ಎಂಬದು ನಮ್ಮ ದಂಡೆಯಿಂದ ದೂರ ಸರಿದು ಪಡುವಲಿಗೆ ತಿರುಗಿತು. ಆದರೂ ಆಗ ಪರನಾಡಿನ ನೂರಾರು ಮೀನುಗಾರಿಕೆಯ ಬೋಟುಗಳು ಕಾರವಾರದ ಕೊಲ್ಲಿಯನ್ನು ಹೊಕ್ಕು ಲಂಗರು ಹಾಕಿದವು. ಗುಡ್ಡಗಳೂ ನಡುಗಡ್ಡೆಗಳೂ ಮರೆಯಾಗಿ ನಿಂತ ಕಾರವಾರದ ಬಂದರವು ಹಡಗುಗಳಿಗೆ ಒಳ್ಳೆಯ ಆಸರೆ. ಅದೇ ಕೊಲ್ಲಿಯ ಬಡಗಣ ಮಗ್ಗುಲಲ್ಲಿರುವ ದೇವಬಾಗದ ಮರಳಿಗೆ ಮಾತ್ರ ಅಂಥ ಆಸರೆಯಿಲ್ಲ.

ಇದು ಮುಂಬಾಗಿಲಿನ ಮಾತಾಯಿತು. ಹಿಂಬಾಗಿಲಲ್ಲಿ ಕಾಳಿ ಇದ್ದಾಳೆ. ಜೋಯಿಡೆಯ ಕಾಡಿನಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಬರುವ ಈ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಮುಂತಾದ ಅಣೆಕಟ್ಟುಗಳಿವೆ. 2019ರ ಆಗಸ್ಟದಲ್ಲಿ ಅತಿವೃಷ್ಟಿಯಾಗಿ ಕದ್ರೆಯಿಂದ ನೀರು ಬಿಟ್ಟಾಗ ಕೆಳಗಿನ ಊರುಗಳು ಮುಳುಗಿದ್ದನ್ನು ಈ ಸೀಮೆಯವರು ಮರೆತಿಲ್ಲ. ಕಡಲು ಸುಮ್ಮನಿದ್ದರೆ ನೆರೆಯ ನೀರು ಅಳಿವೆಯಲ್ಲಿ ಇಳಿದುಹೋಗುವದು. ನೈಋತ್ಯದ ಗಾಳಿಯೂ ಭರತಿಯೂ ಕೂಡಿ ಅಳಿವೆಯ ಬಾಯನ್ನು ಕಟ್ಟಿದರೆ, ಆ ನೀರು ಹಿಂದಕ್ಕೆ ಉಬ್ಬಿ ಹಿನ್ನೀರಿನ ಕಡೆಯಿಂದ ಮನೆಯಂಗಳವನ್ನು ಸೇರುವದು. ಮೇ ತಿಂಗಳ ತುಫಾನಿನಲ್ಲಿ ಈ ಭಯ ಕಡಿಮೆ. ಬೇಸಗೆಯಲ್ಲಿ ಅಣೆಕಟ್ಟುಗಳು ಬರಿದಾಗಿರುವವು. ಮಳೆಗಾಲ ಕಳೆದ ಅಕ್ಟೋಬರ, ನವೆಂಬರಗಳಲ್ಲಿ ಅವು ತುಂಬಿ ನಿಂತಿರುವವು. ಗಾಳಿಯ ವೇಗವನ್ನಷ್ಟೇ ಕೇಳಿ ತುಫಾನನ್ನು ಅಳೆಯುವವರು ಈ ಭೇದವನ್ನು ಕಾಣರು. ನಮ್ಮ ಎಣಿಕೆಯಲ್ಲಿ ದೇವಬಾಗಕ್ಕೆ ದೀಪಾವಳಿಯ ಸಮಯದ ಸಾಧಾರಣ ತುಫಾನು, ಮೇ ತಿಂಗಳ ಉಗ್ರವಾದುದಕ್ಕಿಂತ ಹೆಚ್ಚು ಅಂಜತಕ್ಕದ್ದು.

ಸೂಚನೆಗಳಿಗೆ ಈಗ ಕೊರತೆಯಿಲ್ಲ. 1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯು ದಿನಗಳ ಮುಂಚೆಯೇ ತಿಳಿಸುವದು. ಬಂದರಗಳಲ್ಲಿ ಏರಿಸುವ ಅಪಾಯದ ಗುರುತುಗಳಿಗೆ ಒಂದರಿಂದ ಹನ್ನೊಂದರವರೆಗೆ ಸಂಖ್ಯೆಗಳುಂಟು. ಹನ್ನೊಂದನೆಯದು ವಿಚಿತ್ರವಾದದ್ದು: ಸೂಚನೆ ಕೊಡುವ ಕಚೇರಿಯೊಡನೆ ಸಂಪರ್ಕವೇ ಕಡಿದುಹೋಗಿದೆ ಎಂದು ಅದರ ಅರ್ಥ.

ಕೊರತೆಯಿರುವದು ಬೇರೆ ಕಡೆಗೆ. ದೋಣಿ, ಯಂತ್ರ, ಬಲೆ ಇವೇ ಮೀನುಗಾರನ ಹೊಲಮನೆ. ಅವನ್ನು ದಂಡೆಯಲ್ಲಿ ಬಿಟ್ಟು ಹೋಗೆಂದರೆ ಅವನು ಹೇಗೆ ಹೋದಾನು? ಹೆಂಗಸರು ಮಕ್ಕಳನ್ನು ಸದಾಶಿವಗಡದ ನಂಟರಲ್ಲಿಗೆ ಕಳಿಸಿ, ಗಂಡಸರು ದೋಣಿ ಕಾಯುತ್ತ ಉಳಿಯುವದು ಕರಾವಳಿಯ ಹಳೆಯ ರೂಢಿ. ಜೂನ್ 1ರಿಂದ ಎರಡು ತಿಂಗಳು ಯಂತ್ರದ ಬೋಟುಗಳಿಗೆ ಮೀನುಗಾರಿಕೆಯ ನಿಷೇಧ. ಆದುದರಿಂದ ಮೇ ತಿಂಗಳ ಒಂದೊಂದು ದಿನವೂ ಅವರಿಗೆ ಹಣವೇ ಸರಿ. ಬರುತ್ತದೆಂದ ತುಫಾನು ಎರಡು ಸಲ ದೂರ ತಿರುಗಿಹೋದರೆ ಮೂರನೆಯ ಸೂಚನೆಯನ್ನು ಅರ್ಧ ಕಿವಿಯಿಂದ ಕೇಳುವದು ಸ್ವಾಭಾವಿಕ. ಇದನ್ನು ಅವಿವೇಕವೆಂದು ಪಟ್ಟಣದವರು ಬಯ್ಯುವದು ನಮಗೆ ಸರಿಯೆನಿಸದು. ದೋಣಿಗಳನ್ನು ಎತ್ತರಕ್ಕೆ ಎಳೆದಿಡಲು ಹತ್ತು ಜನರ ನೆರವು ಒಂದು ಹಗಲು ಮುಂಚಿತವಾಗಿ ಒದಗಿದರೆ, ಇರುಳು ಗಂಡಸರೂ ಹೊರಡಲು ಒಪ್ಪಿಯಾರು. ಹೊರಡುವದೂ ಬೆಳಕಿರುವಾಗಲೇ ಆಗಬೇಕು. ಗಾಳಿಮರದ ಬೇರು ಮರಳಿನಲ್ಲಿ ಮೇಲುಮೇಲೆ ಹರಡುವಂಥದು, ತೋಪಿನ ನಡುವಿನ ದಾರಿಗೆ ಒಂದು ಮರ ಅಡ್ಡ ಬಿದ್ದರೂ ಕತ್ತಲಲ್ಲಿ ದಾರಿಯಿಲ್ಲ.

ಗೃಹಿಣಿಯರಿಗೆ ಇಲ್ಲಿ ಇನ್ನೊಂದು ಚಿಂತೆಯುಂಟು. ದೇವಬಾಗದಂಥ ಮರಳ ದಿಬ್ಬದಲ್ಲಿ ಬಾವಿಯ ಸಿಹಿನೀರೆಂದರೆ ಒಳಗಿನ ಉಪ್ಪುನೀರಿನ ಮೇಲೆ ತೇಲುವ ಮಳೆನೀರಿನ ತೆಳ್ಳನೆಯ ಪದರ. ಕಡಲು ಒಮ್ಮೆ ಅಂಗಳಕ್ಕೆ ಬಂದುಹೋದರೆ ಆ ಪದರವು ಕೆಡುವದು. ಎಷ್ಟು ಮೊಗೆದು ಚೆಲ್ಲಿದರೂ ತಿರುಗಿ ಮಳೆ ಇಂಗಿದಲ್ಲದೆ ಚೊಕ್ಕಟವಾಗದು. ಆದುದರಿಂದ ಸೂಚನೆ ಬಂದ ದಿನವೇ ಹಂಡೆ ಕೊಡಗಳನ್ನು ತುಂಬಿ ಮುಚ್ಚಿ, ಅಕ್ಕಿಯ ಡಬ್ಬಿಯೊಡನೆ ಅಟ್ಟಕ್ಕೆ ಏರಿಸುವದು ಜಾಣತನ. ಮೇ ತಿಂಗಳಲ್ಲಿ ಕೆಟ್ಟ ಬಾವಿ ಮಿರಗದ ಮಳೆ ಹಿಡಿದ ಮೇಲೆ ಸಿಹಿಯಾಗತೊಡಗುವದು. ನವೆಂಬರದಲ್ಲಿ ಕೆಟ್ಟರೆ ಮುಂದಿನ ಜೂನದವರೆಗೆ ಕುಡಿಯುವ ನೀರನ್ನು ಹೊರಗಿನಿಂದ ತರಬೇಕು.