ಹಲಗೂರಿನ ಗೂಡಿನ ಲೆಕ್ಕ

ಬೆಂಗಳೂರಿನಿಂದ ಕನಕಪುರ, ಸಾತನೂರುಗಳನ್ನು ದಾಟಿ ಮಳವಳ್ಳಿಗೆ ಹೋಗುವವರಿಗೆ ಹಲಗೂರು ದಾರಿಯಲ್ಲಿಯೇ ಸಿಕ್ಕುವುದು. ಮಂಡ್ಯದ ಸೀಮೆ ಎಂದೊಡನೆ ನಾಲೆಯ ನೀರು, ಕಬ್ಬು, ಬತ್ತಗಳು ಕಣ್ಮುಂದೆ ನಿಲ್ಲುವುವಷ್ಟೆ. ಈ ಮೂಲೆಯ ಚಹರೆಯೇ ಬೇರೆ. ದಕ್ಷಿಣಕ್ಕೆ ಕಾವೇರೀತೀರದ ಕಾಡು. ಮುತ್ತತ್ತಿಯ ಹನುಮಂತನ ದರ್ಶನಕ್ಕೆ ಹೊರಟವರು ಇಲ್ಲಿಂದಲೇ ಆ ಕಾಡನ್ನು ಹೊಗುವರು. ಸುತ್ತಣ ಹಳ್ಳಿಗಳಲ್ಲಿ ರಾಗಿಯ ಹೊಲಗಳ ನಡುವೆ ಹಿಪ್ಪುನೇರಳೆಯ ತೋಟಗಳು ಕಾಣುವುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ ರೇಷ್ಮೆಯ ಕೃಷಿಯು ಈ ಭಾಗದ ಮನೆಗಳಲ್ಲಿ ಇಂದಿಗೂ ಇರುವುದು.

ನಾವು ಹೋದುದು ಮುತ್ತತ್ತಿಗಾಗಿ ಅಲ್ಲ. ನಮ್ಮ ಅಕ್ಕನ ಮೊಮ್ಮಗಳು ಎಂ.ಬಿ.ಎ. ಓದುತ್ತಿರುವಳು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಯಾವುದಾದರೊಂದು ಕಂಪೆನಿಯ ನಿಜವಾದ ಕೆಲಸವನ್ನು ಕೈಗೊಂಡು ವರದಿಯೊಪ್ಪಿಸಬೇಕೆಂಬುದು ಅವರ ಕ್ರಮ. ಈಕೆಗೆ ರೇಷ್ಮೆಯ ನೂಲಿನ ವ್ಯಾಪಾರಸಂಸ್ಥೆಯೊಂದು, ಒಂದು ಕಿಲೋ ಗೂಡನ್ನು ಬೆಳೆಯಲು ರೈತನಿಗೆ ಬೀಳುವ ಖರ್ಚೆಷ್ಟು ಎಂಬುದನ್ನು ಕಂಡುಹಿಡಿಯುವ ಕೆಲಸವನ್ನು ಕೊಟ್ಟಿತು. ಹಲಗೂರಿನ ಸಮೀಪದ ಹಳ್ಳಿಯೊಂದರಲ್ಲಿ ಪರಿಚಿತರ ಮನೆಯಿದ್ದುದರಿಂದ ನಾವೂ ಜೊತೆಗೆ ಹೊರಟೆವು. ಮಾಘಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ.

ಆ ಮನೆಗೆ ನೂರು ಮೊಟ್ಟೆಯ ಮರಿ ಬಂದಿತ್ತು. ಒಂದು ಚಿಟ್ಟೆಯಿಟ್ಟ ಮೊಟ್ಟೆಗಳ ಇಡಿಯ ರಾಶಿಯನ್ನು ಇವರು ಒಂದು ಮೊಟ್ಟೆ ಎಂದೆಣಿಸುವರು. ಹೀಗೆ ನೂರೆಂದರೆ ನಾಲ್ವತ್ತು ಸಾವಿರಕ್ಕೆ ಕಡಮೆಯಿಲ್ಲದ ಹುಳುಗಳು. ಹುಳು ನಾಲ್ಕು ಬಾರಿ ಮೇವು ಬಿಟ್ಟು ಪೊರೆ ಕಳಚುವುದು; ಇದಕ್ಕೆ ಹಳ್ಳಿಯವರು ಜ್ವರವೆನ್ನುವರು. ನಾಲ್ಕನೆಯ ಜ್ವರ ಕಳೆದ ಮೇಲಿನ ವಾರವಿದೆಯಲ್ಲ, ಅದೇ ಪರೀಕ್ಷೆಯ ಕಾಲ. ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಹುಳು ಆ ಏಳು ದಿನಗಳಲ್ಲಿಯೇ ತಿನ್ನುವುದು. ರಾತ್ರಿ ಕತ್ತಲೆಯಲ್ಲಿ ಕುಳಿತರೆ, ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುವುದು. ಹಾಲು ರೋಗ, ಸುಣ್ಣಕಟ್ಟು ರೋಗ, 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣ, ಇವುಗಳ ಭಯ ಬೇರೆ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವವರೆಗೆ ಮನೆಯವರಿಗೆ ಸರಿಯಾದ ನಿದ್ರೆಯಿಲ್ಲ.

ಸಂಸ್ಕೃತದಲ್ಲಿ ರೇಷ್ಮೆಗೆ ಕೌಶೇಯವೆಂದು ಹೆಸರು, ಕೋಶದಿಂದ ಬಂದುದು. ಹುಳುವಿನ ಗೂಡೂ ಕೋಶ, ಅರಸನ ಬೊಕ್ಕಸವೂ ಕೋಶ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎರಡೂ ಬರುವುವು. ಇದನ್ನು ಹುಡುಗಿಗೆ ಹೇಳಿದೆವು. ಅವಳು ನಕ್ಕು ತನ್ನ ಪಟ್ಟಿಗೆ ಮರಳಿದಳು.

ಆ ಪಟ್ಟಿ ಸಂಸ್ಥೆಯವರೇ ಅಚ್ಚುಮಾಡಿಸಿ ಕೊಟ್ಟುದು. ಮರಿಯ ಬೆಲೆ, ಗೊಬ್ಬರ, ಔಷಧ, ಮಾರುಕಟ್ಟೆಗೆ ಸಾಗಿಸುವ ಬಾಡಿಗೆ, ಕೊಟ್ಟ ಕೂಲಿ ಎಂದು ಅದರಲ್ಲಿ ಮನೆಗಳಿದ್ದುವು. ಕೊಟ್ಟ ಕೂಲಿ ಎಷ್ಟೆಂದು ಯಜಮಾನನನ್ನು ಕೇಳಿದಳು. "ಏನೂ ಇಲ್ಲ, ಎಲ್ಲ ಮನೆಯವರೇ" ಎಂದನು. ಸೊನ್ನೆ ಬರೆದಳು. ಆ ರಾತ್ರಿ ಹತ್ತು ಗಂಟೆಗೆ ಸೊಸೆ ಸೊಪ್ಪು ಹಾಕಿದುದನ್ನೂ, ಬೆಳಗಿನ ಜಾವ ನಾಲ್ಕಕ್ಕೆ ಅತ್ತೆಯೆದ್ದು ಮತ್ತೆ ಹಾಕಿದುದನ್ನೂ ಕಂಡಮೇಲೆ ಆ ಸೊನ್ನೆ ಅವಳನ್ನು ಕಾಡಿತು. ಮರುದಿನದಿಂದ ಯಾರು ಎಷ್ಟು ಹೊತ್ತು ದುಡಿದರೆಂದು ಗುರುತುಹಾಕತೊಡಗಿದಳು. ಗೂಡು ಬಿಡಿಸುವವರೆಗೂ ಬಿಡಲಿಲ್ಲ. ಊರಿನ ಕೂಲಿಯ ದರದಲ್ಲಿ ಅದಕ್ಕೆ ಬೆಲೆ ಕಟ್ಟಿದಾಗ, ಪಟ್ಟಿಯಲ್ಲಿ ಲಾಭವೆಂದು ತೋರುತ್ತಿದ್ದುದು ಬಹುಮಟ್ಟಿಗೆ ಕರಗಿಹೋಯಿತು.

ಸಂಸ್ಥೆಯ ಅಧಿಕಾರಿಯು ಇದನ್ನೊಪ್ಪಲಿಲ್ಲ. ಕೊಡದ ಹಣವನ್ನು ಖರ್ಚೆಂದು ಬರೆಯುವುದು ಹೇಗೆ ಎಂದರಂತೆ. ನಗದಿನ ಪುಸ್ತಕದ ಮಟ್ಟಿಗೆ ಅವರ ಮಾತು ತಪ್ಪಲ್ಲ. ಆದರೆ ಗೂಡು ಅಗ್ಗವಾಗಿ ಬೆಳೆಯುವುದೆಂದು ವರದಿಯಾದರೆ, ಮುಂದಿನ ಹರಾಜಿನಲ್ಲಿ ಬೆಲೆ ಇಳಿದಾಗ "ರೈತನಿಗೆ ಗಿಟ್ಟುತ್ತದೆ" ಎಂದು ಹೇಳಲು ಅದೇ ಸೊನ್ನೆ ಆಧಾರವಾಗುವುದಿಲ್ಲವೆ? ಗೂಡಿನ ಮಾರಾಟವನ್ನು ಸರಕಾರದ ಮಾರುಕಟ್ಟೆಗೆ ತಂದ 1959ರ ಕಾನೂನು ತೂಕದ, ಹರಾಜಿನ ಮೋಸಗಳಿಂದ ರೈತನನ್ನು ಕಾಯಬಹುದು. ಅಡಿಗೆಮನೆಯ ಪಕ್ಕದ ಕೋಣೆಯ ದುಡಿಮೆಗೆ ಅದರಲ್ಲಿಯೂ ತಕ್ಕಡಿಯಿಲ್ಲ. ಹುಡುಗಿ ಹಟ ಬಿಡದೆ ಎರಡು ಲೆಕ್ಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ಬರೆದಳು. ಅಂಕಗಳು ಕಡಮೆಯಾದರೆ ಆಗಲೆಂದಳು. ನಮಗೆ ಸಂತೋಷವೇ ಆಯಿತು. ಅವಳ ತಾಯಿಗೆ ಅಷ್ಟಾಗಿ ಆಗಲಿಲ್ಲ.

ಒಪ್ಪಿಸುವ ಮುನ್ನ ಆ ಮನೆಯವರಿಗೆ ಓದಿ ತೋರಿಸಬೇಕೆಂದು ಅವಳು ಮತ್ತೊಮ್ಮೆ ಹಲಗೂರಿನಲ್ಲಿ ಬಸ್ಸಿಳಿದಳು. ಅತ್ತೆ ಚಂದ್ರಿಕೆಗಳನ್ನು ಬಿಸಿಲಿಗೆ ಒಡ್ಡುತ್ತ ಕೇಳಿದಳಂತೆ. ತನ್ನ ರಾತ್ರಿಗಳ ಬೆಲೆಯನ್ನು ಕೇಳಿ ಮೊದಲು ನಕ್ಕಳು. ಆಮೇಲೆ, "ಚಳಿಗೆ ಹುಳುವಿನ ಮನೆಯಲ್ಲಿ ಕೆಂಡದ ಮಡಕೆ ಇಟ್ಟುಕೊಂಡು ಕಾದೆನಲ್ಲ, ಅದೂ ಸೇರಿತೇನವ್ವ?" ಎಂದು ಕೇಳಿದಳು.

ಅದು ಸೇರಿರಲಿಲ್ಲ. ಹುಡುಗಿ ಅಲ್ಲಿಯೇ ಜಗಲಿಯ ಮೇಲೆ ಕುಳಿತು, ಎಷ್ಟು ರಾತ್ರಿ ಎಂದು ಕೇಳಿ ಬರೆದುಕೊಂಡಳು.