ಬರೆಹಕ್ಕೆ ಸೇರದ ಗುಟ್ಟು

'ಅವನು' ಎಂಬ ಸರ್ವನಾಮಕ್ಕೆ ತನ್ನದೆಂಬ ವ್ಯಕ್ತಿಯಿಲ್ಲ. ಸಂದರ್ಭವು ಯಾರನ್ನು ತೋರಿಸುವುದೋ ಅವನೇ ಅದರ ಅರ್ಥ. ಸಂದರ್ಭ ಬದಲಾದೊಡನೆ ಅದೇ ವಾಕ್ಯ ಬೇರೊಬ್ಬನನ್ನು ಕುರಿತು ನುಡಿಯುತ್ತದೆ, ವಾಕ್ಯವನ್ನು ತಿದ್ದಬೇಕಾದುದಿಲ್ಲ. ವ್ಯಾಕರಣದ ಈ ಹಳೆಯ ಸೌಕರ್ಯವನ್ನು ಗಣಕಯಂತ್ರದ ವಿದ್ಯೆಯೂ ತನ್ನದಾಗಿಸಿಕೊಂಡಿರುವುದು ಗಮನಾರ್ಹವಾದುದು.

ಗಣಕಕ್ಕಾಗಿ ಬರೆದ ಪ್ರೋಗ್ರಾಮು ಮೊದಲು ಬರೆದವನ ಮೇಜಿನ ಮೇಲೆ, ಬಳಿಕ ಪರೀಕ್ಷೆಯ ಯಂತ್ರದಲ್ಲಿ, ಕಡೆಗೆ ಸಾರ್ವಜನಿಕರ ಸೇವೆಯಲ್ಲಿ ನಡೆಯಬೇಕಾಗುತ್ತದೆ. ದತ್ತಾಂಶದ ಭಂಡಾರ ಎಲ್ಲಿದೆ, ಅದರ ಗುಪ್ತಪದ ಯಾವುದು ಎಂಬ ಸಂಗತಿಗಳು ಎಡೆಯಿಂದ ಎಡೆಗೆ ಬೇರೆ. ಇವನ್ನು ಪ್ರೋಗ್ರಾಮಿನೊಳಗೇ ಬರೆದರೆ ಸ್ಥಳಕ್ಕೊಂದು ಪಾಠಾಂತರ ಹುಟ್ಟುವುದು. ಆದುದರಿಂದ ಬಲ್ಲವರು ಅಲ್ಲಿ ಬರಿಯ ಹೆಸರನ್ನಿರಿಸಿ, ಅದರ ಬೆಲೆಯನ್ನು ಹೊರಗಿನ ಪರಿಸರಕ್ಕೆ ಬಿಡುತ್ತಾರೆ. ಇದೇ 'ಎನ್ವಿರಾನ್‌ಮೆಂಟ್ ವೇರಿಯಬಲ್'. 1979ರಲ್ಲಿ ಬೆಲ್ ಪ್ರಯೋಗಾಲಯದಿಂದ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಈ ಏರ್ಪಾಡು ರೂಪುಗೊಂಡಿತು. 2011ರ ಸುಮಾರಿಗೆ ಹೆರೋಕು ಸಂಸ್ಥೆಯ ಆಡಂ ವಿಗ್ಗಿನ್ಸ್ ಪ್ರಕಟಿಸಿದ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಎಂಬ ಹನ್ನೆರಡು ಸೂತ್ರಗಳಲ್ಲಿ ಮೂರನೆಯದು ಇದಕ್ಕೇ ಮೀಸಲು. ಬರೆಹವನ್ನು ಈ ಕ್ಷಣವೇ ಲೋಕದ ಮುಂದೆ ತೆರೆದಿಟ್ಟರೂ ಯಾವ ಗುಟ್ಟೂ ಹೊರಬೀಳಬಾರದೆಂಬುದು ಅದರ ಒರೆಗಲ್ಲು.

ಈ ಎಚ್ಚರ ತಪ್ಪಿದರೆ ಒದಗುವ ವಿಪತ್ತು ಸಣ್ಣದಲ್ಲ. 2016ರಲ್ಲಿ ಊಬರ್ ಸಂಸ್ಥೆಯ ಎಂಜಿನಿಯರುಗಳ ಖಾಸಗಿ ಗಿಟ್‌ಹಬ್ ಸಂಗ್ರಹವನ್ನು ಹೊಕ್ಕ ಕಳ್ಳರು, ಅಲ್ಲಿ ದೊರೆತ ಗುಪ್ತಪದಗಳಿಂದಲೇ ಭಂಡಾರವನ್ನು ತೆರೆದು 5.7 ಕೋಟಿ ಜನರ ವಿವರಗಳನ್ನು ಅಪಹರಿಸಿದರು. ಲೋಕಕ್ಕೆ ಅದು ತಿಳಿದುದು 2017ರ ನವೆಂಬರಿನಲ್ಲಿ. ಕಳೆದುಹೋದುದು ಸಂಸ್ಥೆಯ ಸ್ವತ್ತಲ್ಲ. ನಂಬಿ ಒಪ್ಪಿಸಿದವರ ಸ್ವತ್ತು.

ಹೀಗೆ ಬರೆದ ಗುಟ್ಟನ್ನು ಮರುದಿನ ಅಳಿಸಿದರೂ ಸಾಲದು. ಗಿಟ್ ಎಂಬ ವ್ಯವಸ್ಥೆ ಹಿಂದಿನ ಪ್ರತಿಗಳೆಲ್ಲವನ್ನೂ ಜತನವಾಗಿ ಕಾದಿರಿಸುತ್ತದೆ. ಆಗ ಬೀಗವನ್ನೇ ಬದಲಿಸುವುದು ಮೊದಲ ಕೆಲಸ. ಪರಿಸರವೂ ಪೂರ್ಣ ಸುರಕ್ಷಿತವೆಂದು ತಿಳಿಯಬಾರದು: ಒಂದು ಪ್ರೋಗ್ರಾಮು ಎಬ್ಬಿಸಿದ ಮತ್ತೊಂದಕ್ಕೆ ಅದು ಪಿತ್ರಾರ್ಜಿತದಂತೆ ಸಾಗುವುದು, ದಿನಚರಿಯ ಕಡತದಲ್ಲಿ ಅಚಾತುರ್ಯದಿಂದ ಅಚ್ಚಾಗಲೂಬಹುದು. ಬೇಕಾದ ಬೆಲೆ ದೊರೆಯದಾಗ ಊಹಿಸಿಕೊಂಡು ಮುಂದುವರಿಯುವುದಕ್ಕಿಂತ, ಆರಂಭದಲ್ಲಿಯೇ ನಿಂತು ಕೊರತೆಯನ್ನು ಹೇಳುವ ಪ್ರೋಗ್ರಾಮೇ ಲೇಸು.

ದಾಸೋಹದ ಪಾಕವಿಧಿಯನ್ನು ಯಾರಾದರೂ ಕಲಿಯಬಹುದು, ಕಲಿಯಲೂಬೇಕು. ಉಗ್ರಾಣದ ಕೀಲಿಕೈ ಮಾತ್ರ ಕಾಯುವವನ ಸೊಂಟದಲ್ಲಿರತಕ್ಕದ್ದು. ವಿದ್ಯೆ ಹಂಚಿದಷ್ಟೂ ಬೆಳೆಯುವುದು ನಿಜ. ಆದರೆ ಹಂಚಬೇಕಾದುದಾವುದು, ಕಾಯಬೇಕಾದುದಾವುದು ಎಂಬ ವಿವೇಕವಿಲ್ಲದವನ ವಿದ್ಯೆಯಿಂದ ಲೋಕಕ್ಕೆ ಫಲವೇನು?