ಎರಡು ನಿಮಿಷದ ಆಕಾಶಯಾನ

ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗಿಟ್ಟು, ಡಬ್ಬಿ ಮುಚ್ಚುವುದರೊಳಗೆ ಮುಗಿದುಹೋಗುವ ವಿಮಾನಯಾನವೊಂದುಂಟು ಎಂದರೆ ನೀವು ನನ್ನನ್ನು ಬಡಾಯಿಗಾರರ ಸಾಲಿಗೆ ಸೇರಿಸಿಬಿಡುತ್ತೀರಿ. ಆದರೆ ಉಂಟು, ಸ್ವಾಮಿ. ನಾನೇ ಕುಳಿತು ಬಂದಿದ್ದೇನೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅಲ್ಲಿಯ ವೆಸ್ಟ್ರೇ ದ್ವೀಪದ ನಿಲ್ದಾಣದಿಂದ ನೆರೆಯ ಪಾಪಾ ವೆಸ್ಟ್ರೇ ನಿಲ್ದಾಣಕ್ಕೆ 2.7 ಕಿಲೋಮೀಟರು. ಎಡಿನ್‌ಬರೊ ನಗರದ ವಿಮಾನಗಳು ಓಡಿ ಮೇಲೇಳುವ ದಾರಿಯೇ ಹೆಚ್ಚುಕಡಿಮೆ ಅಷ್ಟು ಉದ್ದವಿದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ ಎಂದು ಬರೆದಿದ್ದಾರೆ. ಗಾಳಿ ಒಲಿದ ಒಂದು ದಿನ 53 ಸೆಕೆಂಡಿನಲ್ಲೇ ದಾಟಿಸಿದ ದಾಖಲೆಯೂ ಇದೆ. ಸೊಂಟದ ಪಟ್ಟಿ ಬಿಗಿಯುವುದಕ್ಕೇ ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಮಗಳ ಮನೆಗೆಂದು ಆ ಸೀಮೆಗೆ ಹೋದವನು, ಊರಿಗೆ ಮರಳಿದ ಮೇಲೆ ಹೇಳಿಕೊಳ್ಳಲು ಒಂದು ತಮಾಷೆಯಿರಲೆಂದೇ ಟಿಕೆಟು ಕೊಂಡಿದ್ದೆ. ವಿಮಾನದ ಹೆಸರು ‘ಐಲ್ಯಾಂಡರ್’. ಎಂಟು ಮಂದಿಗೆ ಜಾಗ. ರೆಕ್ಕೆಗೊಂದರಂತೆ ಎರಡು ಇಂಜಿನು. ಉಪಚರಿಸುವವರಿಲ್ಲ, ಕಾಫಿಯಿಲ್ಲ. ಚಾಲಕನ ಬೆನ್ನು ಕೈಗೆಟಕುವಷ್ಟು ಹತ್ತಿರ. ಏರಿತು ಎನ್ನುವಷ್ಟರಲ್ಲಿ ಬೂದು ಬಣ್ಣದ ಕಡಲು. ಕಡಲನ್ನು ಕಣ್ತುಂಬ ನೋಡುವ ಮೊದಲೇ ಆಚೆಯ ಹುಲ್ಲುಗಾವಲು. ನನಗೆ ನಗು ತಡೆಯಲಾಗಲಿಲ್ಲ.

ಪಕ್ಕದಲ್ಲಿದ್ದ ಹೆಂಗಸು ನಗಲಿಲ್ಲ. ಆಕೆ ಉಪಾಧ್ಯಾಯಿನಿ. ಇಳಿದು ನಡೆಯುತ್ತಾ ನಾಲ್ಕು ಮಾತಾಡಿದಳು. 2011ರ ಜನಗಣತಿಯಲ್ಲಿ ಆ ಪುಟ್ಟ ದ್ವೀಪದಲ್ಲಿದ್ದವರು 90 ಜನ. ಅವರಿಗಾಗಿ 1967ರಿಂದ ಈ ವಿಮಾನ ಹಾರುತ್ತಿದೆ. ಮೇಷ್ಟರು, ವೈದ್ಯರು, ಆಸ್ಪತ್ರೆಗೆ ಹೊರಟ ರೋಗಿಗಳು ಇದರಲ್ಲೇ ಓಡಾಡುವುದು. ದೋಣಿಯೂ ಇದೆ, ಕಡಲು ಮುನಿದರೆ ಅದಿಲ್ಲ. “ಮಂಜು ಕವಿದರೆ ಇದೂ ಇಲ್ಲ” ಎಂದಳು.

ನನಗೆ ಆಯಿಯ ನೆನಪಾಯಿತು.

ನಾನು ಹುಟ್ಟಿದ್ದು ಅಘನಾಶಿನಿಯ ದಡದ ಹಳ್ಳಿಯಲ್ಲಿ. ಆಚೆ ದಡದಲ್ಲಿದ್ದ ಡಾಕ್ಟರ ಮನೆಯ ದೀಪ ನಮ್ಮ ಜಗಲಿಗೆ ಕಾಣುತ್ತಿತ್ತು. 1958ರ ಆಷಾಢದಲ್ಲಿ ಒಂದು ರಾತ್ರಿ ತಂಗಿಗೆ ಜ್ವರ ನೆತ್ತಿಗೇರಿತು. ಅಪ್ಪ ಹೋಗಿ ಅಂಬಿಗನ ಬಾಗಿಲು ತಟ್ಟಿದರು. ನಾನು ಹಿಂದೆ ಕಂಬಳಿಕೊಪ್ಪೆಯಲ್ಲಿ ನಿಂತಿದ್ದೆ. ಅವನು ಹೊರಗೆ ಬಂದು ಏನೂ ಹೇಳದೆ ಲಾಟೀನನ್ನು ಎತ್ತಿ ಹೊಳೆಯನ್ನು ತೋರಿಸಿದ. ಬುಡಸಮೇತ ಒಂದು ಮರ ತೇಲಿಹೋಗುತ್ತಿತ್ತು. ಅಪ್ಪನೂ ಒತ್ತಾಯಿಸಲಿಲ್ಲ, ಅವನಿಗೂ ಮಕ್ಕಳಿದ್ದರು. ಮಳೆ ಹೊಳವಾದಾಗಲೆಲ್ಲ ಆಯಿ ತಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ದೀಪವನ್ನೇ ನೋಡುತ್ತಿದ್ದಳು. ಬೆಳಗಿನ ಜಾವ ಡಾಕ್ಟರ ಮನೆಯವರು ದೀಪ ಆರಿಸಿದರು. ಅಷ್ಟು ಹೊತ್ತಿಗೆ ನಮಗೆ ಅದರ ಅಗತ್ಯವಿರಲಿಲ್ಲ. ಮುಂದೆ ಆಯಿ ಬದುಕಿರುವವರೆಗೂ ಜಗಲಿಯ ಆ ಮಗ್ಗುಲಲ್ಲಿ ಕೂರಲಿಲ್ಲ.

ದ್ವೀಪದ ಕಡಲಂಚಿನಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯದಾದ ಎರಡು ಕಲ್ಲುಮನೆಗಳಿವೆ. ನೋಡಬೇಕಾದವೇ, ಆ ದಿನ ಮಾತ್ರ ನಾನು ಸರಿಯಾಗಿ ನೋಡಲಿಲ್ಲ. ಸಂಜೆಯ ವಿಮಾನದಲ್ಲಿ ಕರ್ಕ್‌ವಾಲಿನ ಆಸ್ಪತ್ರೆಗೆ ಹೊರಟ ಮುದುಕನೊಬ್ಬನನ್ನು ಇಬ್ಬರು ಹಿಡಿದು ಹತ್ತಿಸಿದರು. ಅವನ ಊರುಗೋಲನ್ನಿಡಲು ಜಾಗ ಸಾಲಲಿಲ್ಲ. ನಾನು ಕೈಚಾಚಿ ತೆಗೆದುಕೊಂಡು, ಇಳಿಯುವವರೆಗೂ ಹಿಡಿದುಕೊಂಡಿದ್ದೆ.